ಉಪ್ಪಿನ ಕೂಗು

ಹೋದ ತಿಂಗಳು ಕೊಳ್ಳೇಗಾಲದ ಟಾಕೀಸಿನಲ್ಲಿ ಸಿನಿಮಾ ಶುರುವಾಗುವ ಮೊದಲು ಪರದೆಯ ಮೇಲೆ ಒಂದು ಸಾಲು ಬಂತು. ಈ ಚಿತ್ರದ ತಯಾರಿಕೆಯಲ್ಲಿ ಯಾವ ಪ್ರಾಣಿಗೂ ಹಿಂಸೆ ಮಾಡಿಲ್ಲ ಅಂತ. ಎರಡು ಸೆಕೆಂಡೂ ನಿಲ್ಲಲಿಲ್ಲ. ಹಿಂದಿನ ಸೀಟಿನವರು ಹೀರೋ ಹೆಸರಿಗೆ ಕಾದು ಸೀಟಿ ಹಾಕುತ್ತಿದ್ದರು, ನನ್ನ ಹೆಂಡತಿ ಕಡಲೆಕಾಯಿ ಸುಲಿಯುತ್ತಿದ್ದಳು. ನಾನು ಎದ್ದು ಹೊರಗೆ ಬಂದೆ, ಮತ್ತೆ ಒಳಗೆ ಹೋಗಲಿಲ್ಲ. ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದವನನ್ನು ಇಂಟರ್‌ವಲ್‌ನಲ್ಲಿ ಹುಡುಕಿಕೊಂಡು ಬಂದ ಅವಳು, "ಏನಾಯ್ತ್ರೀ, ಬಿಪಿ ಏನಾದ್ರೂ ಜಾಸ್ತಿ ಆಯ್ತಾ?" ಅಂದಳು. ಹೊಟ್ಟೆ ಸರಿಯಿಲ್ಲ ಅಂದೆ. ಸುಳ್ಳು ಹೇಳುವುದು ನನಗೆ ಹೊಸದಲ್ಲ. ಹಾಗೆ ಹೇಳಿದ ಒಂದು ಹಳೆಯ ಸುಳ್ಳನ್ನೇ ಈಗ ಬರೆಯಲು ಕೂತಿದ್ದೇನೆ.

ನಾನು ಯಳಂದೂರಿನವನು. ಎಂಬತ್ತರ ದಶಕದ ನಡುವಿನಲ್ಲಿ ಹನೂರಿನ ದನದ ಆಸ್ಪತ್ರೆಗೆ ಡಾಕ್ಟರಾಗಿ ಹೋದಾಗ ನನಗೆ ಮೂವತ್ತೂ ತುಂಬಿರಲಿಲ್ಲ. ಆಸ್ಪತ್ರೆ ಅಂದರೆ ಹೆಂಚಿನ ಎರಡು ಕೋಣೆ, ದನ ನಿಲ್ಲಿಸುವ ಒಂದು ಮರದ ಚೌಕಟ್ಟು, ಎಷ್ಟು ಗಾಳಿ ಬೀಸಿದರೂ ಹೋಗದ ಫಿನಾಯಿಲ್ ವಾಸನೆ. ಕಾಮಗೆರೆಯಿಂದ ಹಿಡಿದು ಮಾರ್ಟಳ್ಳಿ, ಗೋಪಿನಾಥಂವರೆಗೆ ಯಾವ ಹಸು ಕಷ್ಟಪಟ್ಟರೂ ನಾನೇ ಹೋಗಬೇಕು. ಬಸ್ಸು ಕಡಿಮೆ, ಇದ್ದ ಬಸ್ಸೂ ಮನಸ್ಸು ಬಂದರೆ ಬರುತ್ತಿತ್ತು. ನಾನು ಹೇಳಹೊರಟ ಬೇಸಿಗೆಯಲ್ಲಿ ಯುಗಾದಿ ಕಳೆದು ತಿಂಗಳಾದರೂ ಒಂದು ಹನಿ ಬಿದ್ದಿರಲಿಲ್ಲ. ರಸ್ತೆ ಬದಿಯ ಹುಣಸೆಮರಗಳು ದೂಳು ಮೆತ್ತಿ ಬೂದಿ ಬಣ್ಣಕ್ಕೆ ತಿರುಗಿದ್ದವು, ಮಧ್ಯಾಹ್ನ ಸ್ಟೀಲ್ ಸಿರಿಂಜು ಮುಟ್ಟಿದರೆ ಕೈ ಸುಡುತ್ತಿತ್ತು.

ಆ ಕಡೆಯ ದನಗಳ ತಳಿಯೇ ಬೇರೆ, ಆಲಂಬಾಡಿ. ವರ್ಷದಲ್ಲಿ ಅರ್ಧ ಕಾಲ ಕಾಡಿನೊಳಗೆ ಮುಳ್ಳುಬೇಲಿ ಹಾಕಿದ ದೊಡ್ಡಿಗಳಲ್ಲೇ ಇರುತ್ತವೆ, ಗುರುತಿಲ್ಲದವರನ್ನು ಕಂಡರೆ ಹಾಯಲು ಬರುತ್ತವೆ. ಅವನ್ನು ಒಗ್ಗಿಸಲು ಅಲ್ಲಿಯ ರೈತರಿಗೆ ಒಂದೇ ದಾರಿ. ಕರು ಹುಟ್ಟಿದ ಕೆಲವೇ ವಾರಕ್ಕೆ ಯಜಮಾನ ಅಂಗೈಯಲ್ಲಿ ಉಪ್ಪು ಹಿಡಿದು, ತನ್ನದೇ ಒಂದು ರಾಗದಲ್ಲಿ ಕೂಗಿ, ಅದಕ್ಕೆ ನೆಕ್ಕಿಸುತ್ತಾನೆ. ಒಬ್ಬೊಬ್ಬರದು ಒಂದೊಂದು ಕೂಗು. ಚಿರತೆ ಬರಲಿ, ಕಾಡಿಗೆ ಬೆಂಕಿ ಬೀಳಲಿ, ಹಳ್ಳ ತುಂಬಿ ಹರಿಯಲಿ, ಆ ಕೂಗು ಕಿವಿಗೆ ಬಿದ್ದರೆ ದನ ಹಿಂದೆ ಮುಂದೆ ನೋಡದೆ ನುಗ್ಗಿ ಬರುತ್ತದೆ. ಉಪ್ಪಿನ ಕೂಗು ಅನ್ನುತ್ತಾರೆ. ಅದಕ್ಕೊಂದು ಕಟ್ಟುಪಾಡೂ ಇದೆ. ಬರಿಗೈಯಲ್ಲಿ ಕೂಗುವಂತಿಲ್ಲ. ದನ ಮಾರುವಾಗ ಕೂಗುವಂತಿಲ್ಲ. ಕಟುಕನ ಕೈಗೆ ಕೊಡುವ ಕಾಲ ಬಂದರೂ ಯಜಮಾನ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿಬಿಡಬೇಕು.

ಇದನ್ನೆಲ್ಲ ನನಗೆ ಹೇಳಿದವನು ಪುಟ್ಟಮಾದಪ್ಪ. ಮಾರ್ಟಳ್ಳಿಗೂ ಆಚೆ, ಕಾಡಿನ ಅಂಚಿನ ಊರಿನವನು. ಕರಿಯ, ಬೂದ ಅಂತ ಅವನದೊಂದು ಜೋಡಿ ಎತ್ತು. ಅಂಥ ಜೋಡಿಯನ್ನು ಆಮೇಲೆ ನಾನು ನೋಡಲಿಲ್ಲ. ಹತ್ತಿರ ಹೋದರೆ ನನ್ನನ್ನು ಕೊಂಬಿನಿಂದಲೇ ಮಾತಾಡಿಸುತ್ತಿದ್ದವು, ಅವನು ಮೆಲ್ಲಗೆ ದನಿ ಕೊಟ್ಟರೆ ಮಗುವಿನ ಹಾಗೆ ಕತ್ತು ನೀಡುತ್ತಿದ್ದವು.

ಆ ಬೇಸಿಗೆಯಲ್ಲಿ ಮಾರ್ಟಳ್ಳಿಯ ಕಡೆಗೆ ಸಿನಿಮಾದವರು ಬಂದರು. ಮೂರು ವ್ಯಾನು, ಒಂದು ಜನರೇಟರು, ಕಪ್ಪು ಕನ್ನಡಕದ ಹೀರೋ. ಸುತ್ತಿನ ಹಳ್ಳಿಗಳವರು ಕೆಲಸ ಬಿಟ್ಟು ಬುತ್ತಿ ಕಟ್ಟಿಕೊಂಡು ನೋಡಲು ಹೋದರು. ಒಂದು ಬೆಳಿಗ್ಗೆ ಅವರ ಮ್ಯಾನೇಜರ್ ನನ್ನ ಆಸ್ಪತ್ರೆಗೂ ಬಂದ. ನಗುಮುಖದ ಮನುಷ್ಯ. "ಡಾಕ್ಟ್ರೇ, ಒಂದು ಚಿಕ್ಕ ಪೇಪರ್. ಎರಡು ಎತ್ತು ಮುದಿಯಾಗಿವೆ, ಕೆಲಸಕ್ಕೆ ಬರಲ್ಲ ಅಂತ ಬರೆದುಕೊಡಿ ಸಾಕು" ಅಂದ. ಆಗ ಎತ್ತು ಕೊಲ್ಲಬೇಕಾದರೆ ನಮ್ಮ ಇಲಾಖೆಯವರಿಂದ ಅಂಥ ಚೀಟಿ ಬೇಕಿತ್ತು. ಯಾರ ಎತ್ತು ಅಂತ ಕೇಳಿದೆ. ಪುಟ್ಟಮಾದಪ್ಪನವು, ಗಾಡಿ ಸಮೇತ ಕಂದರಕ್ಕೆ ಬೀಳುವ ಸೀನಿಗೆ ಬೇಕು ಅಂದ. ಅವಕ್ಕೆ ಎಂಟು ವರ್ಷವೂ ಆಗಿರಲಿಲ್ಲ. ನಾನು ಕೂಗಾಡಿಬಿಟ್ಟೆ. ಅವನು ನಗುತ್ತಲೇ, "ಆಯ್ತು ಬಿಡಿ, ಪೇಪರ್ ಇಲ್ಲದಿದ್ರೂ ನಡಿಯತ್ತೆ" ಅಂತ ಎದ್ದುಹೋದ.

ನನಗೆ ಆಗ ನೆನಪಾದವರು ಕೊಳ್ಳೇಗಾಲದ ಗಿರಿಜಮ್ಮ ಟೀಚರ್. ರಿಟೈರಾಗಿದ್ದ ಮಿಡ್ಲ್ ಸ್ಕೂಲ್ ಮೇಡಂ. ಊರಿಗೆ ಬಂದ ಒಂದು ಸಿನಿಮಾವನ್ನೂ ಬಿಡದೆ ಫಸ್ಟ್ ಶೋಗೆ ಹೋಗುತ್ತಿದ್ದರು. ಮುದುಕಿಗೆ ಸಿನಿಮಾ ಹುಚ್ಚು ಅಂತ ಜನ ಆಡಿಕೊಳ್ಳುತ್ತಿದ್ದರು. ಅವರು ಹೋಗುತ್ತಿದ್ದದ್ದು ಒಂದು ನೋಟ್‌ಬುಕ್ ಹಿಡಿದುಕೊಂಡು, ಕತ್ತಲಲ್ಲೇ ಬರೆದುಕೊಳ್ಳಲು. ಯಾವ ಚಿತ್ರದಲ್ಲಿ ಎಷ್ಟು ಕುದುರೆ ಮುಗ್ಗರಿಸಿದವು, ಅದರಲ್ಲಿ ಯಾವುದು ಮತ್ತೆ ಏಳಲಿಲ್ಲ, ಯಾವ ಕೋಳಿಯನ್ನು ನಿಜವಾಗಿಯೂ ಕೊಯ್ದರು. ಮಾರನೆಯ ದಿನ ಕಾರ್ಬನ್ ಹಾಳೆ ಇಟ್ಟು ಸೆನ್ಸಾರಿನವರಿಗೆ, ಪತ್ರಿಕೆಗಳಿಗೆ, ಮಂತ್ರಿಗಳಿಗೆ ಅರ್ಜಿ. ಒಂದಕ್ಕೂ ಉತ್ತರ ಬಂದದ್ದಿಲ್ಲ. ನನಗೆ ಅವರ ಪರಿಚಯವಾದದ್ದು ಒಂದು ಕಾರ್ಡಿನಿಂದ: ಓಡುವ ಕುದುರೆಯ ಮುಂಗಾಲಿಗೆ ತಂತಿ ಕಟ್ಟಿ ಎಳೆದರೆ ಯಾವ ಮೂಳೆ ಮುರಿಯುತ್ತದೆ, ದಯವಿಟ್ಟು ತಿಳಿಸಿ. ಆಮೇಲೆ ತಿಂಗಳಿಗೆರಡು ಕಾರ್ಡು ಬರುತ್ತಿದ್ದವು, ನಾನೂ ಉತ್ತರ ಬರೆಯುತ್ತಿದ್ದೆ. ಕೊನೆಗೆ ನನ್ನನ್ನೂ ತಮ್ಮ ಪ್ರಾಣಿದಯಾ ಸಂಘಕ್ಕೆ ಸೇರಿಸಿಕೊಂಡರು. ಆ ಸಂಘದಲ್ಲಿ ಇದ್ದವರು ನಾವಿಬ್ಬರೇ.

ವಿಷಯ ಕೇಳಿ ಅವರು ಸ್ಟವ್ ಆರಿಸಿ ಅಲ್ಲೇ ಚಪ್ಪಲಿ ಮೆಟ್ಟಿಕೊಂಡರು. "ಮನುಷ್ಯ ಬಿದ್ರೆ ಕಟ್ ಅಂದಮೇಲೆ ಎದ್ದು ಕಾಫಿ ಕುಡೀತಾನೆ ಡಾಕ್ಟ್ರೇ. ಎತ್ತಿಗೆ ಕಟ್ ಅಂದ್ರೆ ಏನು ಅಂತ ಯಾರು ಹೇಳಿಕೊಟ್ಟಿದಾರೆ?" ಅಂದರು.

ಐದು ದಿನ ಅಲೆದೆವು. ತಾಲ್ಲೂಕು ಕಚೇರಿಯಲ್ಲಿ ಸಾಹೇಬರು ಶೂಟಿಂಗ್ ನೋಡಲು ಹೋಗಿದ್ದರು. ಎರಡನೆಯ ದಿನ ಸಿಕ್ಕರು, ಹೀರೋ ಜೊತೆ ತೆಗೆಸಿಕೊಂಡ ಫೋಟೋ ತೋರಿಸಿದರು. ಪೊಲೀಸ್ ಸ್ಟೇಷನ್ನಿನಲ್ಲಿ ಸಬ್ ಇನ್ಸ್‌ಪೆಕ್ಟರು ನಮ್ಮ ಅರ್ಜಿಯನ್ನು ಎರಡು ಸಲ ಓದಿ, "ಆಗದೇ ಇರೋದಕ್ಕೆ ಕೇಸು ಹೇಗ್ರಿ ಹಾಕೋದು? ಆದಮೇಲೆ ಬನ್ನಿ" ಅಂದರು. ಆದಮೇಲೆ ಬಂದು ಏನು ಮಾಡಬೇಕಪ್ಪಾ ಅಂತ ಟೀಚರ್ ಮೇಜು ಗುದ್ದಿದರು. ಅರ್ಜಿಗೆ ಸೀಲು ಬಿತ್ತು, ಅಷ್ಟೇ.

ಪುಟ್ಟಮಾದಪ್ಪನನ್ನಾದರೂ ತಡೆಯೋಣ ಅಂತ ಅವನ ಮನೆಗೆ ಹೋದೆವು. ಅವನಿಗೆ ಸಂಭ್ರಮವೋ ಸಂಭ್ರಮ. ಎತ್ತುಗಳ ಕೊಂಬಿಗೆ ಎಣ್ಣೆ ಹಚ್ಚುತ್ತಿದ್ದ.

"ನಮ್ ಎತ್ಗೊಳು ಸಿನಿಮಾದಲ್ಲಿ ಬತ್ತವಂತೆ ಸಾ. ಈರೋನೇ ಕುಂತ್ಕಂಡು ನಮ್ ಗಾಡೀಯ ಓಡಿಸ್ತಾನಂತೆ!"

ಎತ್ತುಗಳನ್ನು ಕಂದರಕ್ಕೆ ಕೆಡವುತ್ತಾರೆ, ಮುದಿ ಎತ್ತು ಅಂತ ಚೀಟಿ ಕೇಳಲು ನನ್ನ ಹತ್ತಿರವೇ ಬಂದಿದ್ದರು ಅಂದೆ. ಅವನು ನಕ್ಕುಬಿಟ್ಟ. "ಕಂದರಕ್ಕೆ ಸೇತ್ವೆ ಆಕವ್ರೆ ಸಾ. ನಾನೇ ಮ್ಯಾಲೆ ನಿಂತ್ಕಂಡು ಕುಣ್ದು ನೋಡಿವ್ನಿ. ಅಲ್ಲಾಡ್ನಿಲ್ಲ. ನೀವ್ ಓದ್ದೋರು ಸುಮ್ನೆ ಎದುರ್ಕತೀರಿ."

ಅದು ಸುಳ್ಳಲ್ಲ. ಊರಾಚೆಯ ಆಳವಾದ ಹಳ್ಳಕ್ಕೆ ಅಡ್ಡಲಾಗಿ ತೊಲೆ ಹಾಕಿ, ಹಲಗೆ ಹೊಡೆದು, ಮೇಲೆ ಮಣ್ಣು ಸೊಪ್ಪು ಹರಡಿದ್ದರು. ನಾನೂ ಹೋಗಿ ತುಳಿದು ನೋಡಿದೆ. ಗಟ್ಟಿಯಾಗಿಯೇ ಇತ್ತು.

ಮೊದಲ ದಿನ ಟ್ರಯಲ್. ಟೀಚರ್ ಮತ್ತು ನಾನು ಬೆಳಿಗ್ಗೆಯೇ ಅಲ್ಲಿದ್ದೆವು. ಗಾಡಿ ತಂದವನು ಪುಟ್ಟಮಾದಪ್ಪನ ತಮ್ಮ ನಂಜಪ್ಪ. ಸಿನಿಮಾದವರ ಜೊತೆ ಆಗಲೇ ಸಲುಗೆ ಬೆಳೆಸಿಕೊಂಡಿದ್ದ, ಮ್ಯಾನೇಜರ್ ಕೊಟ್ಟ ಸಿಗರೇಟು ಕಿವಿಯ ಮೇಲಿತ್ತು. ಪುಟ್ಟಮಾದಪ್ಪನನ್ನು ಜನರ ಜೊತೆ ದೂರದಲ್ಲಿ, ಹಗ್ಗದಾಚೆ ನಿಲ್ಲಿಸಿದ್ದರು. ಟೀಚರ್ ನೇರವಾಗಿ ಹೋಗಿ ಸೇತುವೆಯ ಬಾಯಿಯಲ್ಲಿ ಕಾಲು ನೀಡಿ ಕೂತುಬಿಟ್ಟರು. ಅರವತ್ತು ದಾಟಿದ ಹೆಂಗಸು, ಆ ಬಿಸಿಲಲ್ಲಿ, ತಲೆ ಮೇಲೆ ಸೆರಗು. ಜನ ಹೋ ಅಂತ ನಕ್ಕರು. ಇಬ್ಬರು ಹೆಂಗಸರನ್ನು ಕಳಿಸಿ ಅವರನ್ನು ಎತ್ತಿಸಿ ಪಕ್ಕದ ಬಂಡೆಯ ನೆರಳಲ್ಲಿ ಕೂರಿಸಿದರು.

ಆದರೆ ಎತ್ತುಗಳು ಸೇತುವೆ ಹತ್ತಲಿಲ್ಲ. ಹತ್ತು ಮಾರು ದೂರದಲ್ಲೇ ನೊಗ ಜಗ್ಗಿ ನಿಂತವು. ಫೈಟಿಂಗ್ ಮಾಸ್ಟರನ ಕಡೆಯವನು ಬಾರುಕೋಲು ಬೀಸಿದ, ಬಾಲ ತಿರುಚಿದ, ಮೊಳೆ ಹೊಡೆದ ಕೋಲಿನಿಂದ ತಿವಿದ. ಬೂದ ಮುಂಗಾಲು ಮಡಿಸಿ ಮಲಗಿಯೇಬಿಟ್ಟ. ಪುಟ್ಟಮಾದಪ್ಪ ಹಗ್ಗ ಹಾರಿ ಓಡಿಬಂದು, "ಒಡೀಬ್ಯಾಡ್ರೋ, ಒಡೀಬ್ಯಾಡ್ರೋ" ಅಂತ ಅಡ್ಡ ನಿಂತ. ಹೊತ್ತು ಇಳಿಯಿತು, ಬೆಳಕು ಹೋಯಿತು ಅಂತ ಪ್ಯಾಕಪ್ ಮಾಡಿದರು.

ಎತ್ತುಗಳ ತೊಡೆಗೆ ಅಯೋಡಿನ್ ಹಚ್ಚುತ್ತಿದ್ದ ನನ್ನ ಪಕ್ಕಕ್ಕೆ ಮ್ಯಾನೇಜರ್ ಬಂದು ನಿಂತ. ಪುಟ್ಟಮಾದಪ್ಪ ನೀರು ತರಲು ಹೋಗಿದ್ದ. "ಏನ್ ಡಾಕ್ಟ್ರೇ, ಇವೇನು ಎತ್ತೋ ದೆವ್ವವೋ?" ಅಂದ. ನನಗೆ ಗೆದ್ದ ಸೊಕ್ಕು. ಆ ಮಾತನ್ನು ಇವತ್ತಿಗೂ ಒಂದಕ್ಷರ ಬಿಡದೆ ಹೇಳಬಲ್ಲೆ. "ಹೊಡೆದು ಸಾಯಿಸಿದರೂ ಇವು ಅಲ್ಲಿಗೆ ಕಾಲಿಡಲ್ಲ ಕಣ್ರೀ. ಕಾಡಿನ ದನ. ಯಜಮಾನ ಉಪ್ಪು ಹಿಡಿದು ಆ ದಡದಿಂದ ಕೂಗಿದರೆ ಮಾತ್ರ ಬೆಂಕಿಗಾದರೂ ಬೀಳ್ತವೆ. ಅವನು ಕೂಗಲ್ಲ, ಇವು ಬರಲ್ಲ. ಗಂಟುಮೂಟೆ ಕಟ್ಟಿ." ಮ್ಯಾನೇಜರ್ ನಗುತ್ತಲೇ ವ್ಯಾನಿನ ಕಡೆ ನಡೆದ. ನಾಲ್ಕು ಮಾರು ಆಚೆ ಬಂಡೆಯ ನೆರಳಿನಲ್ಲಿ ಟೀಚರ್ ಕೂತಿದ್ದರು.

ನಾನು ಮನುಷ್ಯರ ಮೇಲೆ ನಂಬಿಕೆಯಿಟ್ಟು ಹಾಗೆ ಹೇಳಲಿಲ್ಲ. ಜಂಬದಿಂದ ಹೇಳಿದೆ. ಬೆಂಗಳೂರಿನಿಂದ ಬಂದವನಿಗೆ ನಮ್ಮ ಕಡೆಯ ವಿದ್ಯೆ ತೋರಿಸಬೇಕಾಗಿತ್ತು.

ಮಾರನೆಯ ದಿನ ಅವರು ಸುಮ್ಮನಿದ್ದರು. ಶೂಟಿಂಗ್ ರದ್ದಾಯಿತು ಅಂತ ಸುದ್ದಿ ಬಂತು. ಟೀಚರ್ ಮೈಸೂರಿಗೆ ಹೋಗಿ ದೊಡ್ಡ ಅಧಿಕಾರಿಯನ್ನು ಕಾಣುತ್ತೇನೆ ಅಂತ ಹೊರಟರು. ನಾನು ಅದರ ಮಾರನೆಯ ಬೆಳಿಗ್ಗೆ ಕಾಮಗೆರೆಯಲ್ಲಿ ಹಸುವೊಂದಕ್ಕೆ ಕರು ಅಡ್ಡ ಸಿಕ್ಕಿದೆ ಅಂತ ಹೋಗಿ, ಕರು ಎಳೆದು, ಕೈ ತೊಳೆದುಕೊಂಡು, ಎತ್ತುಗಳ ಗಾಯ ನೋಡೋಣ ಅಂತ ಮಾರ್ಟಳ್ಳಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಮುದುಕಿ ಮಡಿಲಲ್ಲಿ ಬುತ್ತಿ ಇಟ್ಟುಕೊಂಡಿದ್ದಳು.

"ಶೂಟಿಂಗ್ ನೋಡಕ್ ಒಂಟಿರಾ ಸಾ? ಇವತ್ ಬ್ಯಾರೆ ತರವಂತೆ. ಪುಟ್ಮಾದಪ್ಪನ್ನೇ ಆ ದಡದಲ್ ನಿಲ್ಸಿ ಕೂಗುಸ್ತರಂತೆ."

ಆಮೇಲೆ ಆ ಬಸ್ಸು ಎಷ್ಟು ಹೊತ್ತು ಓಡಿತೋ ನನಗೆ ಗೊತ್ತಿಲ್ಲ. ಪ್ರತಿ ಸ್ಟಾಪಿನಲ್ಲೂ ಕಂಡಕ್ಟರನ ಮೇಲೆ ಹರಿಹಾಯ್ದೆ. ಇಳಿದು ಹೊಲಗಳ ಮೇಲೆ ಅಡ್ಡ ಬಿದ್ದು ಓಡಿದೆ. ಹುರುಳಿ ಕೊಯ್ದ ಹೊಲದ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ದಿಣ್ಣೆ ಹತ್ತಿದಾಗ ಜನ, ಕ್ಯಾಮೆರಾ, ಸೇತುವೆ, ಎಲ್ಲ ಒಟ್ಟಿಗೆ ಕಂಡವು. ಹಳ್ಳದ ಆಚೆ ದಡದಲ್ಲಿ ಪುಟ್ಟಮಾದಪ್ಪ ಒಬ್ಬನೇ ನಿಂತಿದ್ದ. ಮಡಿ ಪಂಚೆ ಉಟ್ಟಿದ್ದ, ಹಣೆಗೆ ವಿಭೂತಿ ಇಟ್ಟಿದ್ದ. ಅಂಗೈ ಮುಂದೆ ಚಾಚಿ ಕೂಗುತ್ತಿದ್ದ.

"ಓ... ಬಾ ಬಾ ಬಾರಪ್ಪೋ..."

ನಾನು ಎರಡೂ ಕೈ ಎತ್ತಿ ಬೀಸಿದೆ. ಬೇಡ, ಬೇಡ ಅಂತ ಬೀಸಿದೆ. ಜನರೇಟರಿನ ಸದ್ದಿಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಪುಟ್ಟಮಾದಪ್ಪ ನನ್ನನ್ನು ನೋಡಿದ. ಡಾಕ್ಟರೂ ನೋಡಲು ಬಂದರು ಅಂತ ಅವನ ಮುಖ ಅರಳಿತು. ಅವನೂ ಕೈ ಬೀಸಿ, ಇನ್ನೂ ಜೋರಾಗಿ ಕೂಗಿದ.

ಎತ್ತುಗಳು ಬಂದವು. ಹೊಡೆತ ತಿಂದ ಕಾಲಲ್ಲೇ ಕಿವಿ ನಿಮಿರಿಸಿ ಬಂದವು. ಗಾಡಿಯಲ್ಲಿದ್ದ ಫೈಟಿಂಗ್ ಮಾಸ್ಟರನ ಕಡೆಯವನು ಸೇತುವೆಗೆ ಮೊದಲೇ ಹಾರಿಕೊಂಡ. ಹಿಂದಿನ ಸಂಜೆ ಯಾರಿಗೂ ಕಾಣದ ಹಾಗೆ ಕೆಳಗಿನಿಂದ ತೊಲೆ ಕೊಯ್ದಿದ್ದರು. ನಡುವಿಗೆ ಬರುವುದರೊಳಗೆ ಎಲ್ಲ ಕುಸಿಯಿತು. ಜನ ಚಪ್ಪಾಳೆ ತಟ್ಟಿದರು. ಅವರಿಗೆ ಅದು ಸಿನಿಮಾ.

ಕರಿಯ ಬಂಡೆಗೆ ಬಿದ್ದ ಕೂಡಲೇ ಹೋದ. ಬೂದನಿಗೆ ಸೊಂಟ ಮುರಿದು ಹಿಂಗಾಲೆರಡೂ ಸತ್ತಿದ್ದವು, ಜೀವ ಇತ್ತು. ನಾನು ಇಳಿಯುವುದರೊಳಗೆ ಪುಟ್ಟಮಾದಪ್ಪ ಆ ಕಡೆಯಿಂದ ಜಾರಿಕೊಂಡು ಇಳಿದಿದ್ದ. ಅಂಗೈಯಲ್ಲಿ ಉಪ್ಪು ಹಾಗೇ ಇತ್ತು. ಬೂದ ಕತ್ತು ಎತ್ತಿ ಎತ್ತಿ ಅವನ ಕಡೆ ತಿರುಗುತ್ತಿದ್ದ. ನಾನು ಬ್ಯಾಗಿನಿಂದ ಮೆಗ್‌ಸಲ್ಫ್ ತೆಗೆದು, ಉಸಿರು ನಿಲ್ಲಿಸುವಷ್ಟು ಕರಗಿಸಿ, ಸಿರಿಂಜಿಗೆ ತುಂಬಿದೆ. ಅವನು ಯಾಕೆ ಅಂತ ಕೇಳಲಿಲ್ಲ, ಕೈ ನೀಡಿದ. ಎತ್ತು ಉಪ್ಪು ನೆಕ್ಕುತ್ತಿರುವಾಗಲೇ ಅದರ ಕುತ್ತಿಗೆಯ ನರಕ್ಕೆ ಸೂಜಿ ಹಾಕಿದೆ. ಅಂಗೈಯಲ್ಲಿ ಅರ್ಧ ಉಪ್ಪು ಉಳಿಯಿತು. ನಾನು ಅಲ್ಲೇ ಕೂತು ಅತ್ತೆ, ಅವನು ಅಳಲಿಲ್ಲ.

ಮೈಸೂರಿನಿಂದ ಬಂದ ಟೀಚರ್ ಕೇಸು ಹಾಕಿಸಿಯೇ ಸಿದ್ಧ ಅಂತ ನಿಂತರು. ಇನ್ಸ್‌ಪೆಕ್ಟರಿಗೆ ಈಗ ಬರೆದುಕೊಳ್ಳದೆ ವಿಧಿಯಿರಲಿಲ್ಲ. ಆದರೆ ಸಿನಿಮಾದವರು ಒಂದು ಕಾಗದ ತಂದರು. ನನ್ನ ಎತ್ತುಗಳನ್ನು ಈ ದೃಶ್ಯಕ್ಕೆ ನಾನೇ ಒಪ್ಪಿ ಕೊಟ್ಟಿದ್ದೇನೆ ಅಂತ ಪುಟ್ಟಮಾದಪ್ಪನ ಹೆಬ್ಬೆಟ್ಟು. ಸೇತುವೆ ಮುರಿದದ್ದು ಆಕಸ್ಮಿಕ, ನಮ್ಮವನು ಹಿಡಿದು ನಿಲ್ಲಿಸಿದ್ದ ಎತ್ತುಗಳನ್ನು ಕೂಗಿ ನುಗ್ಗಿಸಿದವನು ಯಜಮಾನನೇ ಅಂದರು. ಕೇಸು ಹಾಕಿದರೆ ಒಂದನೇ ಆರೋಪಿ ಅವನೇ ಆಗುತ್ತಾನೆ, ಯೋಚನೆ ಮಾಡಿ ಅಂದರು ಇನ್ಸ್‌ಪೆಕ್ಟರು. ಟೀಚರ್ ಮುಖ ಸುಣ್ಣದ ಹಾಗಾಯಿತು. ಅರ್ಜಿ ವಾಪಸ್ ತೆಗೆದುಕೊಳ್ಳೋಣ ಅಂತ ನಾನೇ ಅಂದೆ. ನನ್ನದೇ ಭಯ ನನಗೆ.

ಬೆಂಚಿನ ತುದಿಯಲ್ಲಿ ಕೂತಿದ್ದ ಪುಟ್ಟಮಾದಪ್ಪ ಎದ್ದುಬಂದ. "ವಾಪಸ್ ಯಾಕ ಸಾ? ಕೂಗ್ದೋನು ನಾನೆಯ. ಮೊದ್ಲು ನನ್ ಎಸ್ರ ಬರ್ಕಳಿ. ಆಮ್ಯಾಲೆ ಅವ್ರೆಲ್ಲಾರ್ದೂವ ಬರ್ಕಳಿ."

ಕೊಳ್ಳೇಗಾಲದ ಕೋರ್ಟಿನಲ್ಲಿ ಕೇಸು ಮಳೆಗಾಲ ದಾಟಿ ನಡೆಯಿತು. ಚಪ್ಪಾಳೆ ತಟ್ಟಿದ ಅಷ್ಟು ಜನರಲ್ಲಿ ಒಬ್ಬರೂ ಸಾಕ್ಷಿಗೆ ಬರಲಿಲ್ಲ. ಕೊಯ್ದ ತೊಲೆಗಳನ್ನು ಅವತ್ತೇ ಸುಟ್ಟುಹಾಕಿದ್ದರು. ನಾನು ಕಟಕಟೆಯಲ್ಲಿ ನಿಂತು ಗಾಯಗಳ ಬಗ್ಗೆ, ಮೂಳೆಗಳ ಬಗ್ಗೆ ಹೇಳಿದೆ. ಉಪ್ಪಿನ ಕೂಗಿನ ವಿಷಯ ಸಿನಿಮಾದವರಿಗೆ ಹೇಗೆ ತಿಳಿಯಿತು ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಇಳಿದು ಬರುವಾಗ ಟೀಚರ್ ನನ್ನ ಮುಖವನ್ನೇ ನೋಡುತ್ತಿದ್ದರು. ಆವತ್ತು ಬಂಡೆಯ ನೆರಳಿನಲ್ಲಿ ಅವರಿಗೆ ನನ್ನ ಮಾತು ಕೇಳಿಸಿತ್ತು ಅಂತ ಆಗ ಗೊತ್ತಾಯಿತು. ಅವರು ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಆಮೇಲೆ ತೀರಿಕೊಳ್ಳುವವರೆಗೂ ನನಗೆ ಒಂದು ಕಾರ್ಡೂ ಬರೆಯಲಿಲ್ಲ.

ತೀರ್ಪಿನ ದಿನ ಸಿನಿಮಾದವರು ಬಿಡುಗಡೆಯಾದರು. ಪುಟ್ಟಮಾದಪ್ಪನಿಗೆ ವಕೀಲರು ಇಲ್ಲ ಅನ್ನಯ್ಯಾ ಅಂತ ಎಷ್ಟು ಹೇಳಿಕೊಟ್ಟಿದ್ದರೂ, ತಪ್ಪು ಒಪ್ಪಿಕೊಳ್ಳುತ್ತೀಯಾ ಅಂದದ್ದಕ್ಕೆ "ಒಪ್ಕಂಡೆ ಸ್ವಾಮಿ" ಅಂದ. ಪ್ರಾಣಿಹಿಂಸೆಯ ಕಲಮಿನಲ್ಲಿ ಜುಲ್ಮಾನೆ ಕಟ್ಟಿದವನು ಅವನೊಬ್ಬನೇ.

ಬಸ್‌ಸ್ಟ್ಯಾಂಡಿಗೆ ಅವನ ಜೊತೆ ನಡೆದೆ. ಸ್ಟ್ಯಾಂಡು ಹತ್ತಿರವಾದಾಗ ಕೇಳಿದ. "ಸಾ, ನನ್ ಕೂಗ್ಗೆ ಅವು ಬತ್ತವೆ ಅಂತ ಆ ಮ್ಯಾನೇಜರ್‌ಗೆ ಯಾರ್ ಯೋಳ್ಕೊಟ್ಟಾರು?"

ಗೊತ್ತಿಲ್ಲ ಅಂದೆ.

"ನಂಜನೇಯ. ಅವನ್ ಜೊತೇಲಿ ಸಿಗ್ರೇಟ್ ಸೇದ್ಕಂಡು ಓಡಾಡ್ತಿದ್ದ. ಒಡುಟ್ಟಿದೋನು ಇಂಗ್ ಮಾಡ್ಬುಟ್ಟ." ಅವನಲ್ಲ ಅಂತ ನಾನು ಹೇಳಬಹುದಿತ್ತು. ಬಸ್ಸು ಬಂತು, ಅವನು ಹತ್ತಿದ. ಮುಂದಿನ ತಿಂಗಳೇ ನಾನು ವರ್ಗಕ್ಕೆ ಅರ್ಜಿ ಹಾಕಿದೆ.

ಟಾಕೀಸಿನಿಂದ ಎದ್ದುಬಂದ ಮೇಲೆ ನಿದ್ದೆ ಬರದೆ, ಹೋದ ವಾರ ಹೆಂಡತಿಗೂ ಹೇಳದೆ ಆ ಊರಿಗೆ ಹೋದೆ. ಪುಟ್ಟಮಾದಪ್ಪ ಹೋಗಿ ನಾಲ್ಕು ವರ್ಷವಾಗಿತ್ತು. ನಂಜಪ್ಪ ಜಗಲಿಯ ಮೇಲೆ ಕೂತಿದ್ದ, ಹಲ್ಲೆಲ್ಲ ಬಿದ್ದಿದ್ದವು. ನನ್ನ ಗುರುತು ಹಿಡಿದ. ಅಣ್ಣನ ಮಾತು ಅವನೇ ತೆಗೆದ.

"ಸಾಯೋ ಗಂಟ ನಮ್ಮಣ್ಣ ನನ್ ಮಾತಾಡಿಸ್ನಿಲ್ಲ ಸಾ. ಅವನ್ ಎಣಕ್ಕೆ ನಾನು ಮಣ್ಣಾಕ್ಕೂಡ್ದು ಅಂತ ಯೋಳ್ಬುಟ್ಟು ಸತ್ತ. ಅವರ್ ಮನೇಲಿ ನಂಗ ತೊಟ್ಟು ನೀರು ಕೊಡಕಿಲ್ಲ. ನಾ ಯೋಳ್ಕೊಟ್ಟಿಲ್ಲ ಅಂತ ದೇವ್ರ್ ಮುಟ್ಟಿ ಆಣೆ ಇಟ್ರೂ ಯಾರೂ ನಂಬ್ನಿಲ್ಲ."

ನಾನು ಹೇಳಿದೆ. ಮೊದಲಿನಿಂದ ಕೊನೆಯವರೆಗೆ, ಒಂದನ್ನೂ ಬಿಡದೆ. ಹೊಡೆಯಲಿ ಅಂತ ಕಾದೆ. ಅವನು ಹೊಡೆಯಲಿಲ್ಲ, ಬೈಯಲಿಲ್ಲ. ಎದ್ದು ನನ್ನ ಮಣಿಕಟ್ಟು ಹಿಡಿದುಕೊಂಡ. "ಬನ್ನಿ. ನಂತಾವ ಯೋಳಿ ಏನ್ ಬಂತು? ಅತ್ಗೆಮ್ಮುನ್ ಮುಂದೆ ಯೋಳಿ" ಅಂದ. ಮೂರು ಮನೆ ದಾಟಿ, ಬೀದಿಯ ಜನ ನೋಡುತ್ತಿದ್ದಂತೆ, ಕಳ್ಳನನ್ನು ಕರೆದುಕೊಂಡು ಹೋಗುವ ಹಾಗೆ ಕರೆದುಕೊಂಡು ಹೋದ. ಬಿಡಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಪುಟ್ಟಮಾದಪ್ಪನ ಹೆಂಡತಿ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಅಂಗಳದಲ್ಲಿ ನಿಂತೇ ಎಲ್ಲ ಹೇಳಿದೆ. ಮ್ಯಾನೇಜರನಿಗೆ ಹೇಳಿಕೊಟ್ಟವನು ನಾನು, ನಿಮ್ಮ ಯಜಮಾನರು ಕೇಳಿದಾಗ ಗೊತ್ತಿಲ್ಲ ಅಂದವನೂ ನಾನೇ ಅಂದೆ. ಅವಳು ಮೊರ ಕೆಳಗಿಡದೆ ಕೇಳಿದಳು. ನಾನು ಮುಗಿಸಿದ ಮೇಲೂ ನನ್ನ ಕಡೆ ನೋಡಲಿಲ್ಲ. ಒಳಗೆ ಹೋದಳು. ಒಂದು ಚೊಂಬು ನೀರು ತಂದು, ನನ್ನನ್ನು ದಾಟಿ ಹೋಗಿ, ನಂಜಪ್ಪನ ಮುಂದೆ ಹಿಡಿದಳು. "ತಕೊ ನಂಜ" ಅಂದಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು, ಅಲ್ಲೇ ನಿಂತು, ಚೊಂಬು ಬರಿದಾಗುವವರೆಗೂ ಕುಡಿದ.